ಅಸ್ಥಿಭಂಗದ ವೇದನೆಯೂ ಸಿರೆಯ ಮೂಲಕ ಕೊಡುವ ಮದ್ದುಗಳೂ

(ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ವೈದ್ಯವಿಷಯವೊಂದನ್ನು ಕುರಿತು ಈ ಗೋಷ್ಠಿಯಲ್ಲಿ ಕೆಲವು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದುದರಿಂದ ತಮ್ಮ ಮುಂದೆ ನಿಂತಿದ್ದೇನೆ. ನಾನು ಆರಿಸಿಕೊಂಡ ವಿಷಯವು ಕೆಲವರಿಗೆ ಬಹು ಸಂಕುಚಿತವಾದುದೆಂದು ತೋರಬಹುದು. ಎಲುಬು ಮುರಿದು ಆಸ್ಪತ್ರೆಗೆ ಬಂದವರ ನೋವನ್ನು ಶಮನಗೊಳಿಸಲು ರಕ್ತನಾಳದೊಳಗೆ ಕೊಡತಕ್ಕ ಮದ್ದುಗಳಲ್ಲಿ ಯಾವುದು ಮೇಲು ಎಂಬ ವಿಚಾರವು ವೈದ್ಯರಿಗೆ ಮಾತ್ರ ಸೇರಿದ್ದಲ್ಲವೇ ಎಂದು ಯಾರಾದರೂ ಕೇಳಿದರೆ ಅದು ಸಹಜವೇ. ಆದರೆ ಅಡಿಕೆಯ ಮರದಿಂದ ಬಿದ್ದ ಕೊನೆಗಾರ, ಬಚ್ಚಲಿನಲ್ಲಿ ಜಾರಿ ಬಿದ್ದ ಮುದುಕಿ, ಮೋಟಾರು ಸೈಕಲ್ಲಿನಿಂದ ಉರುಳಿದ ತರುಣ, ಮರ ಹತ್ತಿ ಆಡುತ್ತ ಕೈ ಮುರಿದುಕೊಂಡ ಬಾಲಕ, ಈ ನಾಲ್ವರಲ್ಲಿ ಒಬ್ಬರನ್ನಾದರೂ ಕಾಣದ ಮನೆತನವು ನಮ್ಮ ನಾಡಿನಲ್ಲಿ ಇರಲಾರದು. ಇವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವವರು ತಾವು. ಮೊದಲ ಒಂದೆರಡು ಗಂಟೆಗಳ ಕಾಲ ಅವರ ನರಳಾಟವನ್ನು ಕೇಳುವವರೂ ತಾವೇ. ಆದಕಾರಣ ಈ ವಿಷಯವನ್ನು ತಾವು ತಿಳಿದಿರುವುದು ಅವಶ್ಯವೆಂದು ನನ್ನ ಭಾವನೆ.

ನಾನು ಹೇಳಬೇಕೆಂದಿರುವುದರ ಸಾರವನ್ನು ಮೊದಲಿಗೇ ಅರಿಕೆ ಮಾಡಿಬಿಡುತ್ತೇನೆ. ವೇದನೆಯ ಶಮನವು ಚಿಕಿತ್ಸೆ ಮುಗಿದ ಮೇಲೆ ತೋರಿಸತಕ್ಕ ದಯೆಯಲ್ಲ. ಅದು ಚಿಕಿತ್ಸೆಯ ಮೊದಲನೆಯ ಅಂಗ. ಎಲ್ಲರಿಗೂ ಎಲ್ಲ ವೇಳೆಗೂ ಶ್ರೇಷ್ಠವೆನ್ನಬಹುದಾದ ಒಂದು ಮದ್ದು ಇಲ್ಲ. ಒಂದು ಮದ್ದಿಗೂ ಮತ್ತೊಂದು ಮದ್ದಿಗೂ ಇರುವ ಅಂತರಕ್ಕಿಂತ, ಮದ್ದನ್ನು ಬೇಗ ಕೊಡುವುದಕ್ಕೂ ತಡಮಾಡಿ ಕೊಡುವುದಕ್ಕೂ ಇರುವ ಅಂತರವೇ ದೊಡ್ಡದು.

ಎಲುಬು ಕಲ್ಲಿನಂತೆ ಜಡವಾದ ವಸ್ತುವೆಂದು ಅನೇಕರು ಭಾವಿಸಿರುವರು. ಅದು ಹಾಗಲ್ಲ. ಎಲುಬಿನ ಮೇಲೆ ತೆಳುವಾದ ಪೊರೆಯೊಂದು ಹೊದಿಸಿರುವುದು. ಈ ಪೊರೆಯಲ್ಲಿ ನೋವನ್ನು ಅರಿಯುವ ನರಗಳ ತುದಿಗಳು ದಟ್ಟವಾಗಿ ಹರಡಿಕೊಂಡಿವೆ. ಎಲುಬು ಮುರಿದಾಗ ಈ ಪೊರೆ ಹರಿಯುವುದು. ಸುತ್ತಲಿನ ಮಾಂಸಖಂಡಗಳು ತಾವಾಗಿ ಬಿಗಿದುಕೊಂಡು ಮುರಿದ ತುದಿಗಳನ್ನು ಒಂದರ ಮೇಲೊಂದು ಎಳೆಯುವುವು. ರಕ್ತ ಸೋರಿ ಬಾವು ಏರುವುದು. ಗಾಯಗೊಂಡ ಜೀವಕಣಗಳಿಂದ ಪ್ರೋಸ್ಟಗ್ಲಾಂಡಿನ್ ಮೊದಲಾದ ರಾಸಾಯನಿಕ ದ್ರವ್ಯಗಳು ಹೊರಟು ನರಗಳನ್ನು ಇನ್ನಷ್ಟು ಕೆರಳಿಸುವುವು. ಈ ಸುದ್ದಿ ಬೆನ್ನುಹುರಿಯ ದಾರಿಯಾಗಿ ಮಿದುಳನ್ನು ಸೇರುವುದು. ನೋವಿನ ಹೊಡೆತವು ಎಡೆಬಿಡದೆ ಬರುತ್ತಿದ್ದರೆ ಬೆನ್ನುಹುರಿಯ ನರಕಣಗಳೇ ಹೆಚ್ಚು ಸೂಕ್ಷ್ಮಗೊಂಡು, ಅಲ್ಪ ಸ್ಪರ್ಶವನ್ನೂ ನೋವೆಂದು ತೋರಿಸುವುವೆಂದು ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ 1983ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಹೊತ್ತಿಕೊಂಡ ಬೆಂಕಿಯನ್ನು ಮನೆಯ ಮೂಲೆಯಲ್ಲಿಯೇ ಆರಿಸುವುದು ಸುಲಭ. ಮಾಡಿಗೆ ಹತ್ತಿದ ಮೇಲೆ ಕಷ್ಟ. ವೇದನೆಯ ನ್ಯಾಯವೂ ಅದೇ.

ನೋವನ್ನು ಸಹಿಸಿಕೊಂಡರೆ ನಷ್ಟವೇನು ಎಂದು ಕೇಳುವವರುಂಟು. ಸಹನೆಯು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೇಹವು ಸಹನೆಯ ಮಾತನ್ನು ಕೇಳುವುದಿಲ್ಲ. ತೀವ್ರ ವೇದನೆಯಿಂದ ನಾಡಿಯ ವೇಗವೂ ರಕ್ತದ ಒತ್ತಡವೂ ಏರಿ, ದುರ್ಬಲವಾದ ಹೃದಯಕ್ಕೆ ಭಾರವಾಗುವುದು. ಪಕ್ಕೆಲುಬು ಮುರಿದವನು ನೋವಿಗೆ ಅಂಜಿ ದೀರ್ಘವಾಗಿ ಉಸಿರಾಡದೆ, ಕೆಮ್ಮದೆ ಇದ್ದು, ಕಫ ಕಟ್ಟಿ ನ್ಯುಮೋನಿಯಕ್ಕೆ ಗುರಿಯಾಗುವನು. ಮುಪ್ಪಿನವರಲ್ಲಿ ಇನ್ನೊಂದು ವಿಪತ್ತುಂಟು. ಸೊಂಟದ ಕೀಲಿನ ಬಳಿ ಎಲುಬು ಮುರಿದ 541 ಮಂದಿ ವೃದ್ಧರನ್ನು ನೋಡಿ ಅಮೆರಿಕದ ವೈದ್ಯರು 2003ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ಮೊದಲು ಬುದ್ಧಿ ನೆಟ್ಟಗಿದ್ದವರ ಪೈಕಿ ತೀವ್ರ ನೋವನ್ನು ಅನುಭವಿಸಿದವರಿಗೆ ಸನ್ನಿ ಹಿಡಿಯುವ ಸಂಭವವು ಇತರರಿಗಿಂತ ಸುಮಾರು 9 ಪಟ್ಟು ಹೆಚ್ಚಾಗಿತ್ತು. ಮದ್ದಿನಿಂದ ಮುದುಕರ ತಲೆ ಕೆಡುವುದೆಂದು ಹೆದರಿ ಮದ್ದನ್ನು ತೀರ ಕಡಮೆ ಮಾಡಿದ ಕಡೆಯಲ್ಲಿಯೇ ಸನ್ನಿಯು ಹೆಚ್ಚಾಗಿ ಕಂಡುಬಂದಿತೆಂಬುದು ಅದರಿಂದ ಹೊರಟ ಪಾಠ.

ಮದ್ದಿನ ಮಾತಿಗೆ ಮೊದಲು ಕಟ್ಟಿನ ಮಾತನ್ನು ಹೇಳಲೇಬೇಕು. ಮುರಿದ ಅಂಗವನ್ನು ಅಲುಗಾಡದಂತೆ ಕಟ್ಟುವುದೇ ಮೊದಲನೆಯ ವೇದನಾಶಾಮಕ. ಇದು ನಮ್ಮ ಪೂರ್ವಿಕರಿಗೆ ತಿಳಿಯದ ವಿಷಯವಲ್ಲ. ಸುಶ್ರುತಸಂಹಿತೆಯಲ್ಲಿ ಎಲುಬಿನ ಮುರಿತವನ್ನು 12 ವಿಧವಾಗಿಯೂ ಕೀಲು ತಪ್ಪುವುದನ್ನು 6 ವಿಧವಾಗಿಯೂ ವಿಂಗಡಿಸಿ, ಇಪ್ಪೆ, ಅತ್ತಿ, ಅರಳಿ, ಆಲ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಯಾಗಿ ಕಟ್ಟಬೇಕೆಂದು ಹೇಳಿದೆ. ಶಸ್ತ್ರಕ್ರಿಯೆಯ ವೇದನೆಯನ್ನು ತಾಳಲಾರದವನಿಗೆ ಮೊದಲು ಮದ್ಯವನ್ನು ಕುಡಿಸಬೇಕೆಂಬ ವಿಧಿಯೂ ಅದೇ ಗ್ರಂಥದಲ್ಲಿದೆ. ಅರ್ಥಾತ್, ರೋಗಿಯ ನೋವು ವೈದ್ಯನ ಹೊಣೆಯೆಂಬ ತಿಳಿವಳಿಕೆಯು ಈ ನೆಲದಲ್ಲಿ ಪುರಾತನವಾದುದು. ದಬ್ಬೆ ಕಟ್ಟಿದ ಮಾತ್ರಕ್ಕೆ ನೋವು ಅರ್ಧ ಇಳಿಯುವುದನ್ನು ಇಂದಿಗೂ ದಿನವೂ ಕಾಣಬಹುದಾಗಿದೆ.

ಇನ್ನು ಸಿರೆಯ ಮಾತು. ಸಿರೆಯೆಂದರೆ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳ. 1656ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ರೆನ್ ಎಂಬಾತನು, ಹಕ್ಕಿಯ ಗರಿಯ ಕೊಳವೆಯನ್ನೂ ಪ್ರಾಣಿಯ ಮೂತ್ರಕೋಶದ ಚೀಲವನ್ನೂ ಜೋಡಿಸಿಕೊಂಡು, ನಾಯಿಯೊಂದರ ಸಿರೆಯೊಳಗೆ ಅಫೀಮಿನ ದ್ರಾವಣವನ್ನು ಸೇರಿಸಿದನು. ಲಂಡನ್ನಿನ ಸೇಂಟ್ ಪಾಲ್ ಮಹಾಮಂದಿರವನ್ನು ಆಮೇಲೆ ಕಟ್ಟಿಸಿದ ಶಿಲ್ಪಿಯೂ ಈತನೇ. ಸುಮಾರು 1805ರಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧಗಾರನು ಅಫೀಮಿನ ಸಾರವಾದ ಮಾರ್ಫಿನನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯ ಹೆಸರನ್ನು ಅದಕ್ಕೆ ಕೊಟ್ಟನು. 1853ರಲ್ಲಿ ಎಡಿನ್‌ಬರೋ ನಗರದ ಅಲೆಕ್ಸಾಂಡರ್ ವುಡ್ ಎಂಬ ವೈದ್ಯನು ಪೊಳ್ಳು ಸೂಜಿಯ ಪಿಚಕಾರಿಯನ್ನು ಬಳಕೆಗೆ ತಂದನು. ಹೀಗೆ ಎರಡು ಶತಮಾನಗಳ ದುಡಿಮೆಯಿಂದ ಮದ್ದೂ ಸೂಜಿಯೂ ಕೂಡಿದುವು.

ಬಾಯಿಯ ಮೂಲಕ ಗುಳಿಗೆ ನುಂಗಿಸಿದರೆ ಸಾಲದೇ ಎಂದರೆ, ಸಣ್ಣ ಮುರಿತಕ್ಕೆ ಎಷ್ಟೋ ವೇಳೆ ಸಾಕು. ಆದರೆ ದೊಡ್ಡ ಪೆಟ್ಟು ಬಿದ್ದಾಗ ಜಠರದ ಕೆಲಸವು ನಿಧಾನವಾಗಿ, ಗುಳಿಗೆಯು ಅಲ್ಲಿಯೇ ಉಳಿಯುವುದು. ವಾಂತಿಯಾದರೆ ಅದೂ ಹೊರಕ್ಕೆ. ಮಾಂಸಖಂಡಕ್ಕೆ ಸೂಜಿ ಚುಚ್ಚುವುದು ನಮ್ಮಲ್ಲಿ ಬಹಳವಾಗಿ ರೂಢಿಯಲ್ಲಿದೆ. ಆದರೆ ರಕ್ತ ಕಳೆದುಕೊಂಡು ಮೈ ತಣ್ಣಗಾದವನ ಮಾಂಸಖಂಡಗಳಿಗೆ ರಕ್ತಸಂಚಾರವು ಕುಗ್ಗಿರುವುದರಿಂದ ಮದ್ದು ಅಲ್ಲಿಯೇ ನಿಂತುಬಿಡುವುದು. ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ಹೀಗೆ ಮತ್ತೆ ಮತ್ತೆ ಮಾರ್ಫಿನ್ ಚುಚ್ಚಿ, ಆಮೇಲೆ ಮೈ ಬೆಚ್ಚಗಾಗಿ ರಕ್ತಸಂಚಾರ ಮರಳಿದೊಡನೆ ಎಲ್ಲವೂ ಒಟ್ಟಿಗೆ ಒಳಸೇರಿ ವಿಷವಾದ ಸಂಗತಿಗಳನ್ನು ಅಮೆರಿಕದ ಹೆನ್ರಿ ಬೀಚರ್ ಎಂಬ ವೈದ್ಯನು 1944ರಲ್ಲಿ ವರ್ಣಿಸಿರುವನು. ಸಿರೆಯ ಮೂಲಕ ಕೊಟ್ಟ ಮದ್ದಾದರೋ ಕೂಡಲೆ ರಕ್ತವನ್ನು ಸೇರುವುದು. ಅದಕ್ಕಿಂತ ಮುಖ್ಯವಾದುದೇನೆಂದರೆ, ಸ್ವಲ್ಪ ಕೊಟ್ಟು, ಐದು ನಿಮಿಷ ಕಾದು, ರೋಗಿಯನ್ನು ಕೇಳಿ, ಮತ್ತೆ ಸ್ವಲ್ಪ ಕೊಡುವ ಅನುಕೂಲವು ಈ ಮಾರ್ಗದಲ್ಲಿ ಮಾತ್ರ ಇರುವುದು. ಅಡಿಗೆಯಲ್ಲಿ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ರುಚಿ ನೋಡುವ ಗೃಹಿಣಿಯ ಕ್ರಮವೇ ಇದು.

ರುಚಿ ನೋಡುವುದಕ್ಕೆ ಅಳತೆಯೂ ಬೇಕಷ್ಟೆ. ನೋವನ್ನು ಅಳೆಯುವ ಯಂತ್ರವಿಲ್ಲ. ನೋವೇ ಇಲ್ಲದಿದ್ದರೆ 0, ಊಹಿಸಬಹುದಾದ ಅತಿ ಘೋರ ನೋವಾದರೆ 10 ಎಂದು ತಿಳಿಸಿ, ರೋಗಿಯ ಬಾಯಿಂದಲೇ ಅಂಕಿಯನ್ನು ಹೇಳಿಸುವರು. ಅಂಕಿ ಹೇಳಲಾರದ ಮಕ್ಕಳಿಗೆ ನಗುವ, ಅಳುವ ಮುಖಗಳ ಚಿತ್ರಗಳನ್ನು ತೋರಿಸುವರು. ಮುಂದೆ ನಾನು ಹೇಳುವ ಹೋಲಿಕೆಗಳು ಬಹುಮಟ್ಟಿಗೆ ಈ ಅಳತೆಯ ಮೇಲೆಯೇ ನಿಂತಿವೆ.

ಈಗ ಮದ್ದುಗಳನ್ನು ಒಂದೊಂದಾಗಿ ನೋಡೋಣ. ಪ್ರಮಾಣಗಳನ್ನು ಹೇಳುವುದು ಹೋಲಿಕೆ ಅರ್ಥವಾಗಲೆಂದು ಮಾತ್ರ. ಇವು ವೈದ್ಯನ ಕೈಯಲ್ಲಿ, ಉಸಿರನ್ನೂ ನಾಡಿಯನ್ನೂ ಗಮನಿಸುವ ಏರ್ಪಾಡಿರುವ ಕಡೆಯಲ್ಲಿ ಕೊಡತಕ್ಕವುಗಳೆಂಬುದನ್ನು ಮರೆಯಲಾಗದು.

ಮೊದಲನೆಯದು ಮಾರ್ಫಿನ್. ಎರಡು ನೂರು ವರ್ಷಗಳ ಅನುಭವವುಳ್ಳ ಈ ಮದ್ದನ್ನು ಇತರ ಮದ್ದುಗಳನ್ನು ತೂಗುವ ತೂಕದ ಕಲ್ಲೆಂದು ಹೇಳಬಹುದು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.1 ಮಿಲಿಗ್ರಾಂ ಲೆಕ್ಕದಲ್ಲಿ, ಅಥವಾ 2ರಿಂದ 3 ಮಿಲಿಗ್ರಾಂಗಳಂತೆ ಐದೈದು ನಿಮಿಷಕ್ಕೊಮ್ಮೆ ಕೊಡುವರು. ಐದು ನಿಮಿಷದಲ್ಲಿ ಗುಣ ತೋರಲಾರಂಭಿಸಿ, ಸುಮಾರು 20 ನಿಮಿಷಕ್ಕೆ ಪೂರ್ಣವಾಗಿ, ಮೂರು ನಾಲ್ಕು ಗಂಟೆ ನಿಲ್ಲುವುದು. ಓಕರಿಕೆ, ತುರಿಕೆ, ಮಲಬದ್ಧತೆ ಇದರ ಸಾಮಾನ್ಯ ದೋಷಗಳು. ಪ್ರಮಾಣ ಮೀರಿದರೆ ಉಸಿರು ನಿಧಾನವಾಗಿ ಅಪಾಯವುಂಟು. ಆದರೆ ನಲಾಕ್ಸೋನ್ ಎಂಬ ಪ್ರತ್ಯೌಷಧವು ಅದನ್ನು ನಿಮಿಷಮಾತ್ರದಲ್ಲಿ ತಡೆಯಬಲ್ಲುದು. ಮಾರ್ಫಿನಿನಿಂದ ದೇಹದಲ್ಲಿ ಹುಟ್ಟುವ ಶಕ್ತಿಯುತವಾದ ಉಪದ್ರವ್ಯವು ಮೂತ್ರಪಿಂಡದ ಮೂಲಕ ಹೊರಹೋಗಬೇಕಾದುದರಿಂದ, ಮೂತ್ರಪಿಂಡ ಕೆಟ್ಟವರಲ್ಲಿ ಅದು ಮೈಯಲ್ಲಿಯೇ ಕೂಡಿಕೊಂಡು ತೊಂದರೆ ಕೊಡುವುದು.

ಎರಡನೆಯದು ಫೆಂಟನಿಲ್. 1960ರಲ್ಲಿ ಬೆಲ್ಜಿಯಮ್ಮಿನ ಪಾಲ್ ಯಾನ್ಸೆನ್ ಇದನ್ನು ತಯಾರಿಸಿದನು. ಮಾರ್ಫಿನಿಗಿಂತ ಸುಮಾರು 100 ಪಟ್ಟು ಪ್ರಬಲವಾದುದರಿಂದ ಇದನ್ನು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲಾದ ಮೈಕ್ರೋಗ್ರಾಮಿನಲ್ಲಿ ಅಳೆಯುವರು. ಪ್ರತಿ ಕಿಲೋಗ್ರಾಮಿಗೆ ಸುಮಾರು 1 ಮೈಕ್ರೋಗ್ರಾಂ. ಪ್ರಬಲವೆಂದ ಮಾತ್ರಕ್ಕೆ ಉತ್ತಮವೆಂದು ಅರ್ಥವಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಎರಡೂ ನೋವನ್ನು ಸಮಾನವಾಗಿ ಇಳಿಸುವುವು. ಇದರ ವಿಶೇಷವು ವೇಗದಲ್ಲಿದೆ. ಒಂದೆರಡು ನಿಮಿಷದಲ್ಲಿ ಗುಣ ಕಾಣುವುದು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಇಳಿದುಹೋಗುವುದು. ರಕ್ತದ ಒತ್ತಡವನ್ನು ಮಾರ್ಫಿನಿನಷ್ಟು ತಗ್ಗಿಸುವುದಿಲ್ಲ. ಮೂತ್ರಪಿಂಡದ ರೋಗಿಗಳಿಗೂ ಹೊಂದುವುದು. ಡೊಂಕಾದ ಕೈಯನ್ನು ನೆಟ್ಟಗೆ ಮಾಡುವ, ಕ್ಷಕಿರಣದ ಮೇಜಿನ ಮೇಲೆ ರೋಗಿಯನ್ನು ಹೊರಳಿಸುವ ಅಲ್ಪಕಾಲದ ಕಾರ್ಯಗಳಿಗೆ ಇದು ಅನುಕೂಲ.

ಮೂರನೆಯದು ಕೆಟಮೀನ್. 1962ರಲ್ಲಿ ಅಮೆರಿಕದಲ್ಲಿ ತಯಾರಾಗಿ, 1970ರಲ್ಲಿ ಅಲ್ಲಿಯ ಸರಕಾರದ ಅನುಮತಿ ಪಡೆದು, ವಿಯೆಟ್ನಾಂ ಯುದ್ಧದ ಗಾಯಾಳುಗಳಲ್ಲಿ ಪ್ರಸಿದ್ಧಿಗೆ ಬಂದಿತು. ಇದು ಅಫೀಮಿನ ಬಳಗಕ್ಕೆ ಸೇರಿದುದಲ್ಲ. ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲಿ ಹಿಗ್ಗಿಸುವ ಬೇರೊಂದು ದ್ವಾರವನ್ನು ಇದು ಮುಚ್ಚುವುದು. ಮೈಮರೆಸುವುದಕ್ಕೆ ಪ್ರತಿ ಕಿಲೋಗ್ರಾಮಿಗೆ 1ರಿಂದ 2 ಮಿಲಿಗ್ರಾಂ ಬೇಕಾದರೆ, ನೋವನ್ನು ಮಾತ್ರ ಇಳಿಸುವುದಕ್ಕೆ 0.1ರಿಂದ 0.3 ಮಿಲಿಗ್ರಾಂ ಸಾಕು. ಉಸಿರನ್ನು ಕುಗ್ಗಿಸುವುದು ಅಪರೂಪ. ರಕ್ತದ ಒತ್ತಡವನ್ನು ಇಳಿಸುವುದಕ್ಕೆ ಬದಲಾಗಿ ಸಾಮಾನ್ಯವಾಗಿ ಎತ್ತಿಹಿಡಿಯುವುದು. ಆದಕಾರಣ ರಕ್ತ ಬಹಳವಾಗಿ ಸೋರಿದವನಿಗೆ ಇದು ಬಂಧುವಿನಂತೆ ಒದಗುವುದು. ಇದರ ದೋಷವೆಂದರೆ, ತಲೆ ತಿರುಗಿ, ತಾನು ತನ್ನ ದೇಹದಿಂದ ಬೇರೆಯಾಗಿ ತೇಲುತ್ತಿರುವಂತೆ ರೋಗಿಗೆ ಭ್ರಮೆಯುಂಟಾಗುವುದು. ಈ ವಿಷಯದಲ್ಲಿ 2017ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದು ಬೋಧಪ್ರದವಾಗಿದೆ. 48 ರೋಗಿಗಳಿಗೆ 0.3 ಮಿಲಿಗ್ರಾಂ ಪ್ರಮಾಣವನ್ನೇ ಕೆಲವರಿಗೆ 5 ನಿಮಿಷದಲ್ಲಿಯೂ ಉಳಿದವರಿಗೆ 15 ನಿಮಿಷಗಳ ಕಾಲ ಹನಿಹನಿಯಾಗಿಯೂ ಕೊಟ್ಟು ನೋಡಿದರು. ನೋವು ಎರಡು ಗುಂಪಿನವರಿಗೂ ಸಮಾನವಾಗಿ ಇಳಿಯಿತು. ಆದರೆ ಈ ಭ್ರಮೆಯು ಮೊದಲಿನವರಲ್ಲಿ ನೂರಕ್ಕೆ 92 ಮಂದಿಗೆ ಆದರೆ, ನಿಧಾನವಾಗಿ ಪಡೆದವರಲ್ಲಿ ನೂರಕ್ಕೆ 54 ಮಂದಿಗೆ ಮಾತ್ರ ಆಯಿತು. ಮದ್ದು ಒಂದೇ, ಪ್ರಮಾಣವೂ ಒಂದೇ. ಹತ್ತು ನಿಮಿಷಗಳ ತಾಳ್ಮೆಯಿಂದ ಅಷ್ಟು ಜನರ ದಿಗಿಲು ತಪ್ಪಿತು.

ನಾಲ್ಕನೆಯದು ತಮಗೆಲ್ಲರಿಗೂ ಪರಿಚಿತವಾದ ಪ್ಯಾರಸಿಟಮಾಲ್. ಜ್ವರಕ್ಕೆ ನುಂಗುವ ಇದನ್ನು ಸಿರೆಯ ಮೂಲಕವೂ 15 ನಿಮಿಷಗಳಲ್ಲಿ 1 ಗ್ರಾಂ ಕೊಡಬಹುದು. ಒಂದು ದಿನಕ್ಕೆ 4 ಗ್ರಾಂ ಮೀರಕೂಡದು. 50 ಕಿಲೋಗ್ರಾಮಿಗಿಂತ ಕಡಮೆ ತೂಕದವರಿಗೂ ಯಕೃತ್ತು ಕೆಟ್ಟವರಿಗೂ ಇನ್ನೂ ಕಡಮೆ. ಇದು ಉಸಿರನ್ನು ಕುಗ್ಗಿಸದು, ನಿದ್ದೆ ತಾರದು, ಹೊಟ್ಟೆಯನ್ನು ಕೆಡಿಸದು. ಸಾಮಾನ್ಯವಾದುದೆಂದು ಇದನ್ನು ಕಡೆಗಣಿಸುವುದು ಸರಿಯಲ್ಲ.

ಐದನೆಯದು ಡೈಕ್ಲೊಫೆನಾಕ್, ಕೀಟೋರೊಲ್ಯಾಕ್ ಮೊದಲಾದ ಬಾವುನಿವಾರಕಗಳ ವರ್ಗ. ಪ್ರೋಸ್ಟಗ್ಲಾಂಡಿನ್ ಹುಟ್ಟುವುದನ್ನೇ ತಡೆಯುವುದರಿಂದ ಇವು ಎಲುಬಿನ ನೋವಿಗೆ ಚೆನ್ನಾಗಿ ತಾಗುವುವು. ಕೀಟೋರೊಲ್ಯಾಕನ್ನು 30 ಮಿಲಿಗ್ರಾಂ ಕೊಡುವ ರೂಢಿಯಿದ್ದಿತು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾನಾ ಬಗೆಯ ನೋವಿನ 240 ರೋಗಿಗಳಿಗೆ 10, 15, 30 ಮಿಲಿಗ್ರಾಂಗಳನ್ನು ಕೊಟ್ಟು ಹೋಲಿಸಲಾಗಿ, ಮೂರೂ ಸಮಾನವಾದ ಗುಣವನ್ನೇ ತೋರಿದುವು. ಹತ್ತರಲ್ಲಿ ಆಗುವ ಕೆಲಸಕ್ಕೆ ಮೂವತ್ತು ಏಕೆ? ಈ ವರ್ಗದ ಮದ್ದುಗಳು ಜಠರದ ಹುಣ್ಣಿನವರಿಗೆ, ಮೂತ್ರಪಿಂಡ ಕೆಟ್ಟವರಿಗೆ, ರಕ್ತ ಬಹಳ ಹೋದವರಿಗೆ, ಕೆಲವು ಉಬ್ಬಸರೋಗಿಗಳಿಗೆ ಅಪಾಯಕರ. ಎಲುಬು ಕೂಡಿಕೊಳ್ಳುವುದನ್ನು ಇವು ತಡಮಾಡುವುವೇ ಎಂಬ ಚರ್ಚೆಯುಂಟು. ಪ್ರಾಣಿಗಳಲ್ಲಿ ಅಂತಹ ಲಕ್ಷಣಗಳು ಕಂಡಿದ್ದರೂ, ಮನುಷ್ಯರಿಗೆ ಕೆಲವೇ ದಿನ ಕೊಡುವುದರಿಂದ ಹಾನಿಯಾಗುವುದೆಂದು ಸಿದ್ಧವಾಗಿಲ್ಲ.

ಆರನೆಯದು ನಮ್ಮ ಆಸ್ಪತ್ರೆಗಳಲ್ಲಿ ಹೇರಳವಾಗಿ ಬಳಸುವ ಟ್ರಮಡಾಲ್. ಇದು ಯಕೃತ್ತಿನಲ್ಲಿ ಮಾರ್ಪಟ್ಟ ಮೇಲೆಯೇ ಪೂರ್ಣಶಕ್ತಿ ಪಡೆಯತಕ್ಕದ್ದು. ಈ ಮಾರ್ಪಾಟು ವಂಶಗುಣವನ್ನು ಅನುಸರಿಸಿ ಒಬ್ಬರಲ್ಲಿ ಹೆಚ್ಚು, ಮತ್ತೊಬ್ಬರಲ್ಲಿ ಕಡಮೆ. ಆದಕಾರಣ ಒಬ್ಬನಿಗೆ ಸಾಕಾದ ಪ್ರಮಾಣವು ಇನ್ನೊಬ್ಬನಿಗೆ ನೀರಿನಂತಾಗುವುದುಂಟು. ಓಕರಿಕೆ ಬಹಳ, ಮೂರ್ಛೆರೋಗವುಳ್ಳವರಿಗೆ ಸಲ್ಲದು. ತೀವ್ರ ವೇದನೆಗೆ ಇದನ್ನೇ ನಂಬಿ ಕುಳಿತಿರುವುದು ಯುಕ್ತವಲ್ಲ. 1939ರಲ್ಲಿ ಬಳಕೆಗೆ ಬಂದು ಒಂದು ಕಾಲಕ್ಕೆ ಎಲ್ಲೆಡೆಯೂ ಮೆರೆದ ಪೆಥಿಡೀನ್, ಅದರಿಂದ ಹುಟ್ಟುವ ಉಪದ್ರವ್ಯವು ಸೆಳವನ್ನೂ ಮುಪ್ಪಿನವರಲ್ಲಿ ಸನ್ನಿಯನ್ನೂ ತರುವುದರಿಂದ ಈಗ ಹಿಂದೆ ಸರಿದಿದೆ.

ಇವುಗಳನ್ನು ಎದುರುಬದುರಾಗಿ ನಿಲ್ಲಿಸಿ ನೋಡಿದವರು ಏನು ಕಂಡರು? 2012ರಲ್ಲಿ ಬ್ರಿಟನ್ನಿನ ವೈದ್ಯರು, ಕೈಕಾಲುಗಳಿಗೆ ಪೆಟ್ಟು ಬಿದ್ದ 55 ಮಂದಿಯಲ್ಲಿ ಕೆಲವರಿಗೆ 1 ಗ್ರಾಂ ಪ್ಯಾರಸಿಟಮಾಲನ್ನೂ ಕೆಲವರಿಗೆ 10 ಮಿಲಿಗ್ರಾಂ ಮಾರ್ಫಿನನ್ನೂ ಸಿರೆಯ ಮೂಲಕ ಕೊಟ್ಟರು. ನೋವಿನ ಇಳಿತದಲ್ಲಿ ಗಣ್ಯವಾದ ಭೇದ ಕಾಣಲಿಲ್ಲ. ಉಪದ್ರವಗಳು ಮಾರ್ಫಿನ್ ಪಡೆದವರಲ್ಲಿಯೇ ಹೆಚ್ಚಾಗಿದ್ದುವು. 2015ರಲ್ಲಿ ನ್ಯೂಯಾರ್ಕಿನಲ್ಲಿ ನಾನಾ ಕಾರಣಗಳಿಂದ ತೀವ್ರ ನೋವಿದ್ದ 90 ರೋಗಿಗಳಲ್ಲಿ ಕೆಟಮೀನನ್ನೂ ಮಾರ್ಫಿನನ್ನೂ ಹೋಲಿಸಿದಾಗ, ಅರ್ಧ ಗಂಟೆಯ ಮೇಲೆ ಉಳಿದ ನೋವು ಕೆಟಮೀನಿನವರಲ್ಲಿ 4.1, ಮಾರ್ಫಿನಿನವರಲ್ಲಿ 3.9, ಅಂದರೆ ಸರಿಸಮಾನ. 2012ರಲ್ಲಿ ಆಸ್ಟ್ರೇಲಿಯದಲ್ಲಿ ಆಂಬುಲೆನ್ಸಿನಲ್ಲಿಯೇ ನಡೆಸಿದ ಪ್ರಯೋಗವು ಮತ್ತೊಂದು ಮಾತನ್ನು ತಿಳಿಸಿತು. 135 ಗಾಯಾಳುಗಳಲ್ಲಿ, ಮಾರ್ಫಿನ್ ಒಂದನ್ನೇ ಪಡೆದವರ ನೋವು 3.2 ಅಂಕಿ ಇಳಿದರೆ, ಮಾರ್ಫಿನಿನ ಜೊತೆಗೆ ಕೆಟಮೀನನ್ನೂ ಪಡೆದವರ ನೋವು 5.6 ಅಂಕಿ ಇಳಿಯಿತು. ಸಣ್ಣಪುಟ್ಟ ಉಪದ್ರವಗಳು ಮಾತ್ರ ಜೊತೆಗೂಡಿಸಿದವರಲ್ಲಿ ಹೆಚ್ಚಾದುವು. ಇವೆಲ್ಲವೂ ಸಣ್ಣ ಪ್ರಯೋಗಗಳು. ಇವುಗಳ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಯೋಗ್ಯವಲ್ಲ. ಆದರೂ ಒಂದು ದಿಕ್ಕನ್ನು ಇವು ತೋರುತ್ತಿವೆ. ಒಂದೇ ಮದ್ದನ್ನು ಹೆಚ್ಚು ಹೆಚ್ಚು ಕೊಡುವುದಕ್ಕಿಂತ, ಬೇರೆ ಬೇರೆ ದಾರಿಯಿಂದ ನೋವನ್ನು ತಡೆಯುವ ಎರಡು ಮೂರನ್ನು ಮಿತವಾಗಿ ಕೂಡಿಸುವುದು ಮೇಲು. ಒಂದೇ ಎತ್ತಿಗೆ ಹೊರಲಾರದ ಹೇರನ್ನು ಹೊರಿಸುವ ಬದಲು ಜೋಡಿ ಹೂಡುವುದು ನಮ್ಮ ರೈತನೂ ಬಲ್ಲ ವಿವೇಕವೇ.

ಮೊದಲು ಹೆಸರಿಸಿದ ನಾಲ್ವರಿಗೆ ಈ ತಿಳಿವಳಿಕೆಯನ್ನು ಅನ್ವಯಿಸಿ ನೋಡೋಣ. ಮರದಿಂದ ಬಿದ್ದ ಕೊನೆಗಾರನ ತೊಡೆಯೆಲುಬು ಮುರಿದಿದ್ದರೆ, ತೊಡೆಯೊಳಗೇ ಒಂದು ಲೀಟರಿಗೂ ಮಿಕ್ಕಿದ ರಕ್ತ ಸೋರಿರಬಹುದು. ಅವನ ನಾಡಿ ದುರ್ಬಲವಾಗಿದ್ದರೆ ಕೆಟಮೀನ್ ಅಥವಾ ಫೆಂಟನಿಲ್ ಸ್ವಲ್ಪ ಸ್ವಲ್ಪವಾಗಿ ಯುಕ್ತ. ಬಾವುನಿವಾರಕಗಳು ಆ ಹೊತ್ತಿಗೆ ಸಲ್ಲವು. ಬಚ್ಚಲಿನಲ್ಲಿ ಬಿದ್ದ ಮುದುಕಿಗೆ ಮೊದಲು ಪ್ಯಾರಸಿಟಮಾಲ್; ಸಾಲದಿದ್ದರೆ ತರುಣರಿಗೆ ಕೊಡುವುದರ ಅರ್ಧದಷ್ಟು ಮಾರ್ಫಿನ್ ಅಥವಾ ಅಲ್ಪ ಫೆಂಟನಿಲ್. ಇಂತಹವರಿಗೆ ಬಾವುನಿವಾರಕಗಳನ್ನು ಕೊಡಬಾರದೆಂದು ಬ್ರಿಟನ್ನಿನ ಆರೋಗ್ಯಸಂಸ್ಥೆಯು 2011ರ ಸೂಚನೆಯಲ್ಲಿಯೇ ವಿಧಿಸಿದೆ. ತೊಡೆಸಂದಿಯ ಬಳಿ ನರಗಳ ಸುತ್ತ ಮರಗಟ್ಟಿಸುವ ಮದ್ದನ್ನು ತುಂಬುವ ಕ್ರಮವೂ ಒಂದುಂಟು. ಅದನ್ನು ಬಲ್ಲ ವೈದ್ಯನಿದ್ದರೆ ಸಿರೆಯ ಮದ್ದಿನ ಅಗತ್ಯವೇ ಬಹಳ ಮಟ್ಟಿಗೆ ಕುಗ್ಗುವುದು. ಮೋಟಾರು ಸೈಕಲ್ಲಿನ ತರುಣನು ಗಟ್ಟಿಮುಟ್ಟಾಗಿದ್ದು, ಕೈಯೊಂದು ಮಾತ್ರ ಮುರಿದಿದ್ದರೆ, ಪ್ಯಾರಸಿಟಮಾಲಿನೊಡನೆ ಅಲ್ಪ ಕೀಟೋರೊಲ್ಯಾಕನ್ನು ಕೊಟ್ಟು, ಉಳಿದ ನೋವಿಗೆ ಮಾರ್ಫಿನನ್ನು ಅಳೆದು ಕೊಡಬಹುದು. ಬಾಲಕನಿಗಾದರೋ ಸೂಜಿಯ ಭಯವೇ ಮುರಿತದಷ್ಟು ದೊಡ್ಡದು. 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉದ್ದೆಲುಬು ಮುರಿದ 67 ಮಕ್ಕಳಲ್ಲಿ, ಮೂಗಿನೊಳಗೆ ತುಂತುರಾಗಿ ಸಿಂಪಡಿಸಿದ ಫೆಂಟನಿಲ್ಲು ಸಿರೆಯೊಳಗಿನ ಮಾರ್ಫಿನಿನಷ್ಟೇ ಗುಣ ಕೊಟ್ಟಿತು. ಸಿರೆಯ ಮಾರ್ಗವು ಶ್ರೇಷ್ಠವೆಂದು ಇಷ್ಟು ಹೊತ್ತು ಹೇಳಿದ ನಾನೇ, ಅದು ಬೇಡವಾದ ಸಂದರ್ಭವೂ ಉಂಟೆಂದು ಹೇಳಬೇಕಾಗಿದೆ.

ಇಷ್ಟೆಲ್ಲ ಸಾಧನಗಳಿದ್ದರೂ ನೋವು ಉಳಿಯಲು ಕಾರಣವೇನು? ಮೊದಲನೆಯ ಕಾರಣ ಭಯ. ಅಫೀಮಿನ ಮದ್ದು ಕೊಟ್ಟರೆ ಚಟ ಹತ್ತುವುದೆಂದು ಜನರೂ ಕೆಲವರು ವೈದ್ಯರೂ ಅಂಜುವರು. ಈ ಅಂಜಿಕೆ ಪೂರ್ಣವಾಗಿ ನಿರಾಧಾರವೆಂದು ನಾನು ಹೇಳಲಾರೆ. 1990ರ ದಶಕದಿಂದೀಚೆಗೆ ಅಮೆರಿಕದಲ್ಲಿ ಇಂತಹ ಗುಳಿಗೆಗಳನ್ನು ತಿಂಗಳುಗಟ್ಟಲೆ ಮನೆಗೆ ಬರೆದುಕೊಟ್ಟು, ಅದರಿಂದ ಲಕ್ಷಾಂತರ ಜೀವಗಳು ಹಾಳಾದುದನ್ನು ಲೋಕವೇ ಕಂಡಿದೆ. ಆದರೆ ಮುರಿತದ ಮೊದಲ ಗಂಟೆಗಳಲ್ಲಿ ವೈದ್ಯನ ಕಣ್ಣೆದುರಿಗೆ ಅಳೆದು ಕೊಡುವ ಮಾತೇ ಬೇರೆ. ಆಸ್ಪತ್ರೆಯಲ್ಲಿ ಧಾರಾಳವಾಗಿಯೂ ಮನೆಗೆ ಕಳಿಸುವಾಗ ಬಿಗಿಯಾಗಿಯೂ ಇರತಕ್ಕದ್ದೇ ಸರಿಯಾದ ನೀತಿ.

ನೋವು ಇಳಿದರೆ ರೋಗದ ಗುರುತು ಮರೆಯಾಗುವುದೆಂಬುದು ಇನ್ನೊಂದು ಭಯ. ಮದ್ದು ಕೊಡುವ ಮೊದಲೂ ಆಮೇಲೂ ನಾಡಿ, ಸ್ಪರ್ಶಜ್ಞಾನ, ಬೆರಳುಗಳ ಚಲನೆ ಇವುಗಳನ್ನು ಪರೀಕ್ಷಿಸಿದರೆ ಈ ಭಯಕ್ಕೆ ಆಸ್ಪದವಿಲ್ಲ. ತಕ್ಕ ಮದ್ದು ಕೊಟ್ಟ ಮೇಲೂ ನೋವು ಏರುತ್ತಲೇ ಹೋದರೆ, ಮಾಂಸಖಂಡಗಳೊಳಗೆ ಒತ್ತಡ ಹೆಚ್ಚಿ ರಕ್ತಸಂಚಾರ ಕಟ್ಟಿಹೋಗುತ್ತಿದೆಯೆಂಬ ಎಚ್ಚರಿಕೆಯು ಅದರಿಂದಲೇ ದೊರೆಯುವುದು. ಆಗ ಗಂಟೆಗಳೊಳಗೆ ಶಸ್ತ್ರಕ್ರಿಯೆ ನಡೆಯದಿದ್ದರೆ ಅಂಗವೇ ಹೋಗಬಹುದು.

ಎರಡನೆಯ ಕಾರಣ ಮದ್ದಿನ ಅಭಾವ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ ಸರಕಾರದ ಪರವಾನಗಿಯಿಂದ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ ಅದರಿಂದಾಗುವ ಮಾರ್ಫಿನು ನಮ್ಮ ಸಣ್ಣ ಊರುಗಳ ಎಷ್ಟೋ ಆಸ್ಪತ್ರೆಗಳಲ್ಲಿ ದೊರೆಯದು. ಮಾದಕದ್ರವ್ಯಗಳ 1985ರ ಕಾನೂನಿನ ಬಿಗಿಯಿಂದ ಅನೇಕ ಆಸ್ಪತ್ರೆಗಳು ಪರವಾನಗಿಗಳ ಗೊಡವೆಯೇ ಬೇಡವೆಂದು ಮಾರ್ಫಿನನ್ನು ಇಡುವುದನ್ನೇ ಬಿಟ್ಟುಬಿಟ್ಟುವು. 2014ರಲ್ಲಿ ಆ ಕಾನೂನನ್ನು ತಿದ್ದಿ, ಮಾರ್ಫಿನ್, ಫೆಂಟನಿಲ್ ಮೊದಲಾದವುಗಳನ್ನು ಅವಶ್ಯಕ ಮದ್ದುಗಳೆಂದು ಎಣಿಸಿ, ಮನ್ನಣೆ ಪಡೆದ ಆಸ್ಪತ್ರೆಗಳು ಅವನ್ನು ಸುಲಭವಾಗಿ ಪಡೆಯುವ ದಾರಿಯನ್ನು ಮಾಡಿಕೊಟ್ಟಿದೆ. ಕಾನೂನು ಬಾಗಿಲನ್ನು ತೆರೆದಿದೆ. ಒಳಗೆ ಹೋಗುವ ಉತ್ಸಾಹವು ಆಸ್ಪತ್ರೆಗಳಿಗೆ ಬರಬೇಕಾಗಿದೆ. ಊರಿನ ಹಿರಿಯರು, ಆಸ್ಪತ್ರೆಗಳಿಗೆ ಧರ್ಮ ಮಾಡುವ ದಾನಿಗಳು ಈ ಪ್ರಶ್ನೆಯನ್ನು ಕೇಳಿದರೆ ಅದು ದೊಡ್ಡ ಉಪಕಾರವಾಗುವುದು.

ಮೂರನೆಯ ಕಾರಣವನ್ನು ಹೇಳಲು ಸಂಕೋಚವಾಗುವುದು; ಆದರೆ ಹೇಳಲೇಬೇಕು. 1993ರಲ್ಲಿ ಲಾಸ್ ಏಂಜಲಿಸ್ ನಗರದ ಆಸ್ಪತ್ರೆಯೊಂದರಲ್ಲಿ ಉದ್ದೆಲುಬು ಮುರಿದು ಬಂದವರ ದಾಖಲೆಗಳನ್ನು ತೆಗೆದು ನೋಡಿದಾಗ, ನೋವಿನ ಮದ್ದನ್ನೇ ಪಡೆಯದವರು ಬಿಳಿಯರಲ್ಲಿ ನೂರಕ್ಕೆ 26 ಮಂದಿ, ಸ್ಪ್ಯಾನಿಷ್ ಭಾಷೆಯ ಮೂಲದವರಲ್ಲಿ ನೂರಕ್ಕೆ 55 ಮಂದಿ. 2000ದಲ್ಲಿ ಅಟ್ಲಾಂಟ ನಗರದ ಪರಿಶೀಲನೆಯಲ್ಲಿ ಮದ್ದು ಪಡೆದವರು ಬಿಳಿಯರಲ್ಲಿ ನೂರಕ್ಕೆ 74, ಕರಿಯರಲ್ಲಿ ನೂರಕ್ಕೆ 57. ಮುರಿದ ಎಲುಬು ಒಂದೇ ತೆರನಾದುದು, ಕಪಾಟಿನಲ್ಲಿದ್ದ ಮದ್ದೂ ಒಂದೇ. ಭೇದವಿದ್ದುದು ನೋಡುವವರ ಕಣ್ಣಿನಲ್ಲಿ. ದೂರದ ದೇಶದ ಕಥೆಯೆಂದು ನಾವು ಸಮಾಧಾನ ಪಟ್ಟುಕೊಳ್ಳಬಾರದು. ಗಟ್ಟಿಯಾಗಿ ಕೇಳಬಲ್ಲವನಿಗೆ ಮದ್ದು ಬೇಗ ದೊರೆಯುವುದು; ಕೂಲಿಯವನು, ಮಾತು ಬಾರದ ಮಗು, ಪರಭಾಷೆಯ ವಲಸೆಗಾರ, ಮರೆವು ಹಿಡಿದ ಮುದುಕ ಇವರ ನೋವು ತಡವಾಗಿ ಕಾಣುವುದು. ಇಂತಹವರ ಹತ್ತಿರ ಹೋಗಿ ನಾವಾಗಿಯೇ ಕೇಳುವುದು ನಮ್ಮ ಹೊಣೆ.

ಕೊನೆಯದಾಗಿ, ತಮ್ಮಿಂದ ಆಗಬಹುದಾದ ಕಾರ್ಯಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮುರಿದ ಅಂಗವನ್ನು ಎಳೆಯದೆ, ತಿಕ್ಕದೆ, ಇದ್ದ ಸ್ಥಿತಿಯಲ್ಲಿಯೇ ದಬ್ಬೆ ಕಟ್ಟಿ ಕರೆತನ್ನಿರಿ. ಶಸ್ತ್ರಕ್ರಿಯೆ ಬೇಕಾಗಬಹುದಾದುದರಿಂದ ದಾರಿಯಲ್ಲಿ ಊಟ ತಿಂಡಿ ಕೊಡಬೇಡಿರಿ. ರೋಗಿಗೆ ಉಬ್ಬಸ, ಹೊಟ್ಟೆಯ ಹುಣ್ಣು, ಮೂತ್ರಪಿಂಡದ ದೋಷ, ಮೂರ್ಛೆರೋಗ ಇವುಗಳಿದ್ದರೆ, ರಕ್ತ ತೆಳುವಾಗಿಸುವ ಗುಳಿಗೆಯನ್ನು ನುಂಗುತ್ತಿದ್ದರೆ, ಯಾವುದಾದರೂ ಮದ್ದು ಒಗ್ಗದಿದ್ದರೆ, ಕುಡಿತದ ಅಭ್ಯಾಸವಿದ್ದರೆ, ಅದನ್ನು ಮುಚ್ಚಿಡದೆ ವೈದ್ಯನಿಗೆ ತಿಳಿಸಿರಿ. ನೋವಿಗೆ ಮದ್ದು ಕೊಟ್ಟಿರಾ ಎಂದು ವಿನಯದಿಂದ ಕೇಳಿರಿ. ಅರ್ಧ ಗಂಟೆಯ ಮೇಲೆ ನೋವು ಎಷ್ಟು ಇಳಿದಿದೆಯೆಂದು ರೋಗಿಯನ್ನು ಕೇಳಿ, ಇಳಿಯದಿದ್ದರೆ ಮತ್ತೆ ತಿಳಿಸಿರಿ. ಇದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ.

ಮುರಿದ ಎಲುಬು ಕೂಡಿಕೊಳ್ಳಲು ವಾರಗಳು ಬೇಕು; ಅದನ್ನು ಯಾವ ವೈದ್ಯನೂ ಒಂದು ದಿನದಲ್ಲಿ ಮಾಡಲಾರನು. ಆದರೆ ನೋವನ್ನು ಅರ್ಧ ಗಂಟೆಯಲ್ಲಿ ತಾಳಬಹುದಾದಷ್ಟಕ್ಕೆ ಇಳಿಸುವುದು ಇಂದು ಸಾಧ್ಯವಿದೆ. ಸಾಧ್ಯವಿರುವಾಗ ಮಾಡದೆ ಬಿಡುವುದಕ್ಕೆ ಕ್ಷಮೆಯಿಲ್ಲ.